ಉತ್ತರ ಹೇಳುವ ಮೊದಲು, ಪ್ರಶ್ನೆ ಕೇಳುವುದಕ್ಕೂ ಮೊದಲು: ಪೀಣ್ಯದ ಒಂದು ಕಾರ್ಖಾನೆಯ ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ, ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ. ಮಾಲೀಕರ ಒಪ್ಪಿಗೆ ಪಡೆದು, ಸಂಬಂಧಪಟ್ಟ ಇಬ್ಬರಿಗೂ ಓದಲು ಕೊಟ್ಟ ಮೇಲೆ ಇದನ್ನು ಬರೆದಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರುಗಳನ್ನು ಬಿಟ್ಟು, ತಯಾರಾಗುತ್ತಿದ್ದ ಭಾಗವನ್ನೂ ಅದರ ಅಳತೆಯನ್ನೂ ಬದಲಿಸಿದ್ದೇನೆ. ಘಟನೆಗಳ ಕ್ರಮವನ್ನಾಗಲಿ, ಆಡಿದ ಮಾತುಗಳ ಹುರುಳನ್ನಾಗಲಿ ಬದಲಿಸಿಲ್ಲ. ಇಂಥ ಕಾರ್ಖಾನೆಗಳ ಮೇಲ್ವಿಚಾರಕರಿಗೆ ತರಬೇತಿ ಕೊಡುವುದು ನನ್ನ ವೃತ್ತಿಯಾದ್ದರಿಂದ ಪ್ರಕರಣದ ಬಹುಭಾಗವನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು.

ಪ್ರಕರಣದಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ಉತ್ಪಾದನಾ ವಿಭಾಗದ ವ್ಯವಸ್ಥಾಪಕಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಬಹಳ ವರ್ಷ ಗುಣಮಟ್ಟ ವಿಭಾಗದಲ್ಲಿ ದುಡಿದು ಈ ಹುದ್ದೆಗೆ ಬಂದವರು. ಇನ್ನೊಬ್ಬರು ಹಳೇ ಮೈಸೂರು ಕಡೆಯ ಊರೊಂದರಲ್ಲಿ ಐಟಿಐ ಮುಗಿಸಿ, ಆಪರೇಟರಾಗಿ ಸೇರಿ, ಸೆಟ್ಟರಾಗಿ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವರಾಗಿ) ಬೆಳೆದು, ಆಗಷ್ಟೇ ರಾತ್ರಿ ಪಾಳಿಯ ಶಿಫ್ಟ್ ಇನ್‌ಚಾರ್ಜ್ ಆಗಿದ್ದ ಮೇಲ್ವಿಚಾರಕರು. ಯಂತ್ರದ ಸದ್ದು ಕೇಳಿಯೇ ಇನ್ಸರ್ಟ್ (ಲೋಹ ಕೊರೆಯುವ, ಬದಲಿಸಬಹುದಾದ ಅಲಗು) ಸವೆದಿದೆ ಎಂದು ಹೇಳಬಲ್ಲವರೆಂಬ ಹೆಸರು ಅವರಿಗಿತ್ತು. ಆಪರೇಟರುಗಳು ಅವರನ್ನು ‘ಅಣ್ಣ’ ಎನ್ನುತ್ತಿದ್ದರು.

ಬೆಂಗಳೂರಿನಲ್ಲಿ ಈ ಕಸುಬು ಹಬ್ಬಿದ ಬಗೆಯನ್ನು ಇಲ್ಲಿ ನೆನೆಯಬೇಕು. 1953ರಲ್ಲಿ ಶುರುವಾದ ಯಂತ್ರೋಪಕರಣ ಸಂಸ್ಥೆ ಎಚ್‌ಎಂಟಿ, 1972ರಲ್ಲಿ ಬಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂಥ (ಜಿಟಿಟಿಸಿ) ಸಂಸ್ಥೆಗಳಲ್ಲಿ ಕೈ ಪಳಗಿಸಿಕೊಂಡವರು ಸಣ್ಣ ಕಾರ್ಖಾನೆಗಳಿಗೆ ಬಂದರು. ಅವರ ಪಕ್ಕದಲ್ಲಿ ನಿಂತು ಮುಂದಿನವರು ಕಲಿತರು. ಹೀಗೆ ನೋಡಿ ಕಲಿತವರಲ್ಲಿ ಕೈಯ ನೈಪುಣ್ಯ ದೊಡ್ಡದು. ಆದರೆ ‘ಹೀಗೆ ಮಾಡು’ ಎಂಬುದು ಕೈಯಿಂದ ಕೈಗೆ ದಾಟಿದಷ್ಟು ಸಲೀಸಾಗಿ ‘ಹೀಗೇಕೆ ಮಾಡಬೇಕು’ ಎಂಬುದು ದಾಟುವುದಿಲ್ಲ. ನಮ್ಮ ಮೇಲ್ವಿಚಾರಕರೂ ಹಾಗೆ ಕಲಿತವರೇ.

ಸಮಸ್ಯೆ

ರಾತ್ರಿ ಪಾಳಿಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಟರ್ನಿಂಗ್ ಯಂತ್ರದಲ್ಲಿ ಒಂದು ಉಕ್ಕಿನ ಬುಷ್, ಎಂದರೆ ಗಿಡ್ಡ ಕೊಳವೆಯಂಥ ಭಾಗ, ತಯಾರಾಗುತ್ತಿತ್ತು. ಅದರ ಬೋರ್ (ಒಳಗಿನ ತೂತಿನ ವ್ಯಾಸ) 32 ಮಿ.ಮೀ., ಎಚ್7 ಮಿತಿ, ಎಂದರೆ 32.000ಕ್ಕಿಂತ ಚಿಕ್ಕದಾಗುವಂತಿಲ್ಲ, 32.025ಕ್ಕಿಂತ ದೊಡ್ಡದಾಗುವಂತಿಲ್ಲ. ಇಪ್ಪತ್ತೈದು ಮೈಕ್ರಾನ್‌ಗಳ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಈ ಕಿಂಡಿಯೊಳಗೆ ಕೆಲಸ ಸಾಗಬೇಕು. ಇನ್ಸರ್ಟ್ ಸವೆದಂತೆಲ್ಲ ಬೋರ್ ಕಿರಿದಾಗುತ್ತ ಹೋಗುತ್ತದೆ. ಆಗ ಆಫ್‌ಸೆಟ್ (ಅಲಗಿನ ಸ್ಥಾನಕ್ಕೆ ಯಂತ್ರದಲ್ಲಿ ಕೊಟ್ಟಿರುವ ಅಂಕಿ) ತಿದ್ದಬೇಕು, ತಿದ್ದುಪಡಿ ಮೇಲಿಂದ ಮೇಲೆ ಬೇಕಾದರೆ ಇನ್ಸರ್ಟನ್ನೇ ಬದಲಿಸಬೇಕು. ಇದೆಲ್ಲ ಮೇಲ್ವಿಚಾರಕರಿಗೆ ಗೊತ್ತಿದ್ದ ವಿಚಾರವೇ. ಆದರೂ ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ವ್ಯವಸ್ಥಾಪಕಿಯ ಫೋನ್ ಮೊಳಗುತ್ತಿತ್ತು.

“ಮೇಡಮ್, ಬೋರ್ ಅಂಡರ್‌ಸೈಜ್ ಬರ್ತಾ ಇದೆ. ಏನ್ ಮಾಡ್ಲಿ?”

“ಐದು ಮೈಕ್ರಾನ್ ಆಫ್‌ಸೆಟ್ ಕೊಡಿ.”

ಮರುರಾತ್ರಿ ಅದೇ ಪ್ರಶ್ನೆ. ಬಡ್ತಿ ಪಡೆದವರಿಗೆ ಆತ್ಮವಿಶ್ವಾಸ ಸಾಲದು ಎಂಬುದು ವ್ಯವಸ್ಥಾಪಕಿಯ ಅಂದಾಜು. ಈ ಮನುಷ್ಯ ಒಳ್ಳೆಯ ಸೆಟ್ಟರೇ ಹೊರತು ಮೇಲ್ವಿಚಾರಕನಾಗುವ ಜಾತಿಯಲ್ಲ ಎಂಬುದು ಮಾಲೀಕರ ತೀರ್ಮಾನ. ಇಬ್ಬರೂ ವ್ಯಕ್ತಿಯ ಸ್ವಭಾವದಲ್ಲಿ ಕಾರಣ ಹುಡುಕಿದರು. ಕರೆ ಯಾವ ಹೊತ್ತಿಗೆ, ಯಾವ ಸನ್ನಿವೇಶದಲ್ಲಿ ಬರುತ್ತಿದೆ ಎಂದು ಯಾರೂ ನೋಡಿರಲಿಲ್ಲ.

ಮೊದಲ ಎರಡು ಪ್ರಯತ್ನಗಳು

ಮೊದಲ ಪ್ರಯತ್ನ ಚಿಕ್ಕದು. ಎಂಥ ತೊಂದರೆಗೆ ಏನು ಮಾಡಬೇಕೆಂಬ ಪಟ್ಟಿಯನ್ನು ವ್ಯವಸ್ಥಾಪಕಿ ತಯಾರಿಸಿ, ಲ್ಯಾಮಿನೇಟ್ ಮಾಡಿಸಿ, ಯಂತ್ರದ ಪಕ್ಕದಲ್ಲಿ ತೂಗುಹಾಕಿದರು. ಪಟ್ಟಿಯಲ್ಲಿದ್ದ ತೊಂದರೆಗಳಿಗೆ ಕರೆಗಳು ನಿಂತವು, ಇಲ್ಲದವುಗಳಿಗೆ “ಶೀಟಲ್ಲಿ ಇಲ್ಲ ಮೇಡಮ್” ಎಂಬ ಹೊಸ ಪೀಠಿಕೆಯೊಡನೆ ಮುಂದುವರಿದವು.

ಎರಡನೆಯದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಬಹಳಷ್ಟು ವ್ಯವಸ್ಥಾಪಕರು ಎಡವುವುದು ಇಲ್ಲಿಯೇ. ಮಾಲೀಕರು ಆಕೆಯನ್ನು ಕೋಚಿಂಗ್ ಕುರಿತ ಕಾರ್ಯಾಗಾರವೊಂದಕ್ಕೆ ಕಳುಹಿಸಿದರು. ಅಲ್ಲಿ ಕಲಿಸಿದ್ದು 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡು ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಗ್ರೋ’ ಮಾದರಿಯನ್ನು: ಗುರಿ ಏನು, ಈಗಿನ ಸ್ಥಿತಿ ಏನು, ಯಾವ ಯಾವ ದಾರಿಗಳಿವೆ, ಯಾವುದನ್ನು ಮಾಡುತ್ತೀರಿ ಎಂದು ಕ್ರಮವಾಗಿ ಕೇಳುತ್ತ, ಉತ್ತರವನ್ನು ಉದ್ಯೋಗಿಯ ಬಾಯಿಂದಲೇ ಹೊರಡಿಸುವ ವಿಧಾನವದು. ಆಕೆ ಅದನ್ನು ಮನಸಾರೆ ನಂಬಿ ಮರುವಾರದಿಂದಲೇ ಆಚರಣೆಗೆ ತಂದರು. ಫೋನ್ ಬಂದರೆ ಉತ್ತರ ಹೇಳುವುದನ್ನು ಬಿಟ್ಟು, “ನಿಮಗೆ ಏನು ಅನ್ನಿಸುತ್ತೆ?” ಎಂದು ಕೇಳತೊಡಗಿದರು.

ಆ ಕಡೆಯಿಂದ ಮೌನ. ಒತ್ತಿ ಕೇಳಿದರೆ, “ನೀವು ಹೇಳಿದ ಹಾಗೆ ಮೇಡಮ್.” ಮೇಲ್ವಿಚಾರಕರಿಗೆ ಇದು ತಮ್ಮನ್ನು ಪರೀಕ್ಷೆಗೆ ಒಡ್ಡಿದಂತೆ ಕಂಡಿತು, ‘ಮೇಡಮ್ ಈಗ ಇಂಟರ್‌ವ್ಯೂ ಮಾಡ್ತಾರೆ’ ಎಂದು ಜೊತೆಯವರಲ್ಲಿ ಹೇಳಿಕೊಂಡಿದ್ದು ಆಮೇಲೆ ತಿಳಿಯಿತು. ಕೆಲವೇ ವಾರಗಳಲ್ಲಿ ಕರೆಗಳು ಬಹುತೇಕ ನಿಂತುಹೋದವು. ಆಕೆ ಇದನ್ನು ಯಶಸ್ಸೆಂದು ಎಣಿಸಿ ಮಾಲೀಕರಿಗೆ ವರದಿಯನ್ನೂ ಕೊಟ್ಟರು. ಕರೆ ನಿಂತದ್ದು ಉತ್ತರ ತಿಳಿದದ್ದರಿಂದಲೋ, ಕೇಳುವುದೇ ಬೇಡವೆನಿಸಿದ್ದರಿಂದಲೋ ಎಂದು ನೋಡದೆ ಬರೆದ ಇಂಥ ವರದಿಗಳನ್ನು ನಾನು ಬೇರೆ ಕಾರ್ಖಾನೆಗಳಲ್ಲೂ ಕಂಡಿದ್ದೇನೆ. ಪ್ರಶ್ನೆ ಕೇಳಿದವರಿಗೆ ಮುಜುಗರವಾಗುವ ಜಾಗದಲ್ಲಿ ಪ್ರಶ್ನೆಗಳು ಮೊದಲು ಕಡಿಮೆಯಾಗುತ್ತವೆ, ತಪ್ಪುಗಳು ಹೊರಬೀಳುವುದು ಆಮೇಲೆ.

ಇಲ್ಲಿಯೂ ಹಾಗೆಯೇ ಆಯಿತು. ರಾತ್ರಿ ಪಾಳಿಯಲ್ಲಿ ತಯಾರಾದ ಒಂದು ಲಾಟ್ ಗ್ರಾಹಕರ ಕಡೆಯಿಂದ ವಾಪಸ್ ಬಂತು. ಬೋರ್ ಎರಡು, ಮೂರು, ನಾಲ್ಕು ಮೈಕ್ರಾನ್ ಚಿಕ್ಕದು. ಕಾರ್ಖಾನೆಯ ತಪಾಸಣಾ ದಾಖಲೆಯಲ್ಲಿ ಮಾತ್ರ ಅದೇ ಲಾಟಿನ ಎಲ್ಲ ಪೀಸುಗಳೂ ಮಿತಿಯೊಳಗೆ ಇದ್ದವು.

ಮೊದಲ ತಿರುವು

ಅಳತೆ ಮಾಡದೆಯೇ ಅಂಕಿಗಳನ್ನು ಬರೆದಿದ್ದಾರೆ ಎಂಬ ಸಂಶಯ ಮೊದಲು ಬರುವುದು ಸಹಜ. ಶೋಕಾಸ್ ನೋಟಿಸ್ ಕೊಡಬೇಕೆಂದು ಮಾಲೀಕರು ಹೇಳಿಯೂ ಇದ್ದರು. ವ್ಯವಸ್ಥಾಪಕಿ ಒಂದು ರಾತ್ರಿಯ ಸಮಯ ಕೇಳಿಕೊಂಡರು. ಇಡೀ ಪ್ರಕರಣದಲ್ಲಿ ಆಕೆ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಇದೆಂದು ನನ್ನ ಎಣಿಕೆ. ಮೇಲ್ವಿಚಾರಕರನ್ನು ಕ್ಯಾಬಿನ್ನಿಗೆ ಕರೆಸದೆ, ಆ ಪಾಳಿಯಲ್ಲಿ ತಾವೇ ಯಂತ್ರದ ಬಳಿ ಹೋಗಿ, ಏನನ್ನೂ ಹೇಳದೆ ಬಹಳ ಹೊತ್ತು ನಿಂತು ನೋಡಿದರು.

ಮೇಲ್ವಿಚಾರಕರು ಯಂತ್ರದ ಹಿಡಿಕೆಯಾದ ಚಕ್‌ನಿಂದ ಬುಷ್ ತೆಗೆದರು, ಕಾಟನ್ ವೇಸ್ಟಿನಿಂದ ಒಳಗೂ ಹೊರಗೂ ಒರೆಸಿದರು, ಒಡನೆಯೇ ಬೋರ್ ಗೇಜ್ ಇಳಿಸಿ ಮೆಲ್ಲಗೆ ಆಡಿಸಿದರು. ಮುಳ್ಳು ಸೊನ್ನೆಯಿಂದ ನಾಲ್ಕು ಮೈಕ್ರಾನ್ ಮೇಲೆ ನಿಂತಿತು. ದಾಖಲೆಯಲ್ಲಿ 32.004 ಎಂದು ಬರೆದರು. ಕೈಯ ಚಲನೆಯಲ್ಲಿ ಯಾವ ಲೋಪವೂ ಇರಲಿಲ್ಲ, ಅಂಕಿ ಸುಳ್ಳಾಗಿರಲಿಲ್ಲ. ಆದರೆ ಆ ಬುಷ್ ಬಿಸಿಯಿತ್ತು. ತಣಿಸಲು ಹರಿಸುವ ಕೂಲಂಟ್ ಕೂಡ ಹೊತ್ತು ಕಳೆದಂತೆ ಕಾದಿತ್ತು.

ಆಕೆ ಆ ಪೀಸನ್ನು ಗ್ರಾನೈಟ್ ಮೇಜಿನ ಮೇಲೆ, ಗೇಜಿನ ಸೊನ್ನೆ ಹೊಂದಿಸಲು ಬಳಸುವ ಸೆಟ್ಟಿಂಗ್ ರಿಂಗಿನ ಪಕ್ಕದಲ್ಲಿಟ್ಟು, ತಣಿಯಲು ಬಿಟ್ಟು, ಟೀ ಮುಗಿಸಿ ಬಂದ ಮೇಲೆ ಮತ್ತೆ ಅಳೆಯಲು ಹೇಳಿದರು. ಈಗ ಮುಳ್ಳು ಸೊನ್ನೆಗಿಂತ ಮೂರು ಮೈಕ್ರಾನ್ ಕೆಳಗೆ. ಗೇಜ್ ತಪ್ಪಿದೆ ಎಂದುಕೊಂಡು ಮೇಲ್ವಿಚಾರಕರು ಸೆಟ್ಟಿಂಗ್ ರಿಂಗಿನಲ್ಲಿ ಪರೀಕ್ಷಿಸಿದರು. ಮುಳ್ಳು ಸರಿಯಾಗಿ ಸೊನ್ನೆಗೇ ಬಂತು. ಮತ್ತೆ ಬುಷ್‌ನಲ್ಲಿ ಇಳಿಸಿದರು, ಮತ್ತೆ ಮೂರು ಕೆಳಗೆ. ಆಗ ಅವರು ಕೇಳಿದ್ದು ಇದು: “ಬಿಸಿಗೆ ಉಕ್ಕು ಹಿಗ್ಗುತ್ತೆ ಅಂತ ಗೊತ್ತು ಮೇಡಮ್. ಉಕ್ಕು ಹಿಗ್ಗಿದ್ರೆ ತೂತು ಚಿಕ್ಕದಾಗ್ಬೇಕಲ್ವಾ? ಬಿಸಿ ಇದ್ದಾಗ ದೊಡ್ಡದು ಹೇಗೆ ತೋರಿಸ್ತು?”

ತಿಂಗಳುಗಳಿಂದ ಬರುತ್ತಿದ್ದ ‘ಏನ್ ಮಾಡ್ಲಿ’ಗಳ ನಂತರ ಬಂದ ಮೊದಲ ‘ಹೇಗೆ’ ಅದು. ಆಕೆ ಉತ್ತರ ಕೊಡುವ ಮೊದಲು, ಊರಿನಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನೋಡಿದ್ದೀರಾ ಎಂದು ಕೇಳಿದರು. ನೋಡಿದ್ದರು. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸುವುದು ಏಕೆ? ಮೇಲ್ವಿಚಾರಕರು ತುಸು ಯೋಚಿಸಿ, ಕಾದರೆ ಪಟ್ಟಿಯ ಬಾಯಿ ಅಗಲವಾಗುತ್ತದೆ, ನೀರು ಹೊಯ್ದರೆ ಕುಗ್ಗಿ ಚಕ್ರವನ್ನು ಹಿಡಿದುಕೊಳ್ಳುತ್ತದೆ ಎಂದರು. ಹೇಳುತ್ತ ಹೇಳುತ್ತಲೇ ಕೈಯಲ್ಲಿದ್ದ ಬುಷ್ ಕಡೆ ನೋಡಿದರು. ಆ ಬಳಿಕ ಆಕೆ ಲೆಕ್ಕವನ್ನು ನೇರವಾಗಿ ಹೇಳಿಕೊಟ್ಟರು. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಆ ಲೆಕ್ಕದಲ್ಲಿ 32 ಮಿ.ಮೀ. ಬೋರ್ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 7 ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ನಕ್ಷೆಯಲ್ಲಿ ಕೊಟ್ಟಿರುವ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸುವಂಥವು ಎಂಬ ಅಂತರರಾಷ್ಟ್ರೀಯ ರೂಢಿಯನ್ನೂ ತಿಳಿಸಿದರು.

ಆ ರಾತ್ರಿ ನಡೆದದ್ದರಲ್ಲಿ ಕೇಳುವುದೂ ಇತ್ತು, ಹೇಳಿಕೊಡುವುದೂ ಇತ್ತು. ಗಾಡಿಯ ಚಕ್ರದ ಪ್ರಶ್ನೆಗೆ ಉತ್ತರ ಅವರ ಅನುಭವದೊಳಗೇ ಇದ್ದುದರಿಂದ ಅದನ್ನು ಕೇಳಿ ಹೊರತೆಗೆಯಬಹುದಿತ್ತು. 11 ಮೈಕ್ರಾನ್ ಎಂಬ ಅಂಕಿಯನ್ನು ಎಷ್ಟು ಜಾಣ ಪ್ರಶ್ನೆ ಕೇಳಿದರೂ ಹೊರತೆಗೆಯಲಾಗದು. ಅದನ್ನು ಹೇಳಿಯೇ ಕೊಡಬೇಕು. ಗ್ರೋ ಮಾದರಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಉತ್ತರದ ಕಚ್ಚಾ ಸಾಮಗ್ರಿ ಉದ್ಯೋಗಿಯಲ್ಲಿದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆ ಸಾಮಗ್ರಿ ಇಲ್ಲದ ಕಡೆ ಅದು ಮನುಷ್ಯನನ್ನು ನಾಚಿಸುತ್ತದೆ, ಅಷ್ಟೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳ ಮೇಲ್ವಿಚಾರಕರಿಗಾಗಿ ರೂಪಿಸಿದ, ಕೆಲಸ ಕಲಿಸುವ ನಾಲ್ಕು ಹೆಜ್ಜೆಗಳ ಕ್ರಮ ಇಂಥ ಕಡೆ ಹೆಚ್ಚು ಉಪಯುಕ್ತ: ಕಲಿಯುವವರನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುತ್ತ ಮುಖ್ಯಾಂಶಗಳನ್ನು ಕಾರಣಸಹಿತ ಹೇಳುವುದು, ಅವರಿಂದಲೇ ಮಾಡಿಸಿ ಅದೇ ಕಾರಣಗಳನ್ನು ಅವರ ಬಾಯಲ್ಲಿ ಕೇಳುವುದು, ಆಮೇಲೂ ಹೋಗಿ ವಿಚಾರಿಸುತ್ತಿರುವುದು. ಮೂರನೆಯ ಹೆಜ್ಜೆಯನ್ನು ವ್ಯವಸ್ಥಾಪಕಿ ಮರುರಾತ್ರಿಯೇ ಮಾಡಿಸಿದರು. ಮೇಲ್ವಿಚಾರಕರು ತಮ್ಮ ಆಪರೇಟರಿಗೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಬಿಸಿ ಪೀಸನ್ನೂ ತಣಿದ ಪೀಸನ್ನೂ ಅಳೆದು ತೋರಿಸಿ ವಿವರಿಸಿದರು. ಆಕೆ ಬಾಯಿ ಹಾಕಲಿಲ್ಲ.

ಎರಡನೆಯ ತಿರುವು

ಇಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಕೆಲವು ವಾರಗಳ ಬಳಿಕ ಒಂದು ರಾತ್ರಿ ವಿದ್ಯುತ್ ಹೋಯಿತು. ಮತ್ತೆ ಶುರುವಾಗುವ ಹೊತ್ತಿಗೆ ಯಂತ್ರ ತಣಿದಿದ್ದುದರಿಂದ ಸೈಜ್ ನಿಲ್ಲುತ್ತಿರಲಿಲ್ಲ. ಇನ್ಸರ್ಟ್ ಬೇರೆ ಸವೆದಿತ್ತು. ಯಂತ್ರ ನಿಲ್ಲಿಸಿ, ಇನ್ಸರ್ಟ್ ಬದಲಿಸಿ, ಸ್ಪಿಂಡಲ್ (ಯಂತ್ರದ ತಿರುಗುವ ದಂಡ) ಬಿಸಿಯಾಗುವವರೆಗೆ ಖಾಲಿ ಓಡಿಸಬೇಕೆಂದು ಮೇಲ್ವಿಚಾರಕರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಪ್ರತಿ ಪೀಸಿಗೂ ಆಫ್‌ಸೆಟ್ ತಿದ್ದುತ್ತ ಪಾಳಿ ಮುಗಿಸಿದರು. ಬೆಳಿಗ್ಗೆ ರಿಜೆಕ್ಷನ್ ತಟ್ಟೆ ತುಂಬಿತ್ತು.

ಏಕೆ ನಿಲ್ಲಿಸಲಿಲ್ಲ ಎಂದು ಎಲ್ಲರೆದುರು ಕೇಳಿದಾಗ ಉತ್ತರ ಬರಲಿಲ್ಲ. ಬಂದದ್ದು ಎರಡು ದಿನ ಬಿಟ್ಟು, ಕ್ಯಾಂಟೀನಿನಲ್ಲಿ, ಬೇರೆ ಯಾರೂ ಇಲ್ಲದಾಗ. ಹಿಂದಿನ ವರ್ಷ ಅವರಿನ್ನೂ ಸೆಟ್ಟರಾಗಿದ್ದಾಗ, ಇಂಥದೇ ಸಂದರ್ಭದಲ್ಲಿ ಯಂತ್ರ ನಿಲ್ಲಿಸಿದ್ದರಂತೆ. ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥರು ಎಲ್ಲರೆದುರಿಗೆ, ಯಂತ್ರ ನಿಲ್ಲಿಸಲು ನಿನಗ್ಯಾರು ಹೇಳಿದರು ಎಂದು ಕೂಗಾಡಿದ್ದರು. “ನೀವೂ ಅಲ್ಲೇ ಇದ್ರಿ ಮೇಡಮ್. ಏನೂ ಹೇಳ್ಲಿಲ್ಲ.” ಅಂದಿನಿಂದ ಅವರು ಫೋನ್ ಮಾಡುತ್ತಿದ್ದುದು ಏನು ಮಾಡಬೇಕೆಂದು ತಿಳಿಯದೆ ಅಲ್ಲ, ಮೇಡಮ್ ಹೇಳಿದರು ಎಂದಾದರೆ ಮರುದಿನ ಯಾರೂ ತಮ್ಮನ್ನು ಕೇಳುವುದಿಲ್ಲ ಎಂದು. ಆಕೆ ಉತ್ತರದ ಬದಲು ಪ್ರಶ್ನೆ ಕೇಳತೊಡಗಿದಾಗ ಆ ಆಸರೆಯೂ ತಪ್ಪಿಹೋಗಿತ್ತು.

ಈ ಮಾತಿನ ನಂತರ ಹಿಂದಿನದೆಲ್ಲ ಬೇರೆಯಾಗಿ ಕಂಡಿತು. ಆತ್ಮವಿಶ್ವಾಸದ ಕೊರತೆ ಎಂದು ಹೆಸರಿಟ್ಟಿದ್ದು ಅಧಿಕಾರದ ಕೊರತೆಯಾಗಿತ್ತು. ಹೊಣೆಯನ್ನು ಹೊರಿಸಿ, ಅದನ್ನು ನಿಭಾಯಿಸಲು ಬೇಕಾದ ಹಕ್ಕನ್ನು ಕೊಡದಿದ್ದ ಮನುಷ್ಯನಿಗೆ ‘ನಿಮಗೆ ಏನು ಅನ್ನಿಸುತ್ತೆ’ ಎಂಬ ಪ್ರಶ್ನೆ ಕ್ರೂರವಾದದ್ದೇ. ಅವರಿಗೆ ಅನ್ನಿಸಿದ್ದನ್ನು ಅವರು ಮಾಡುವಂತಿರಲಿಲ್ಲ.

ವ್ಯವಸ್ಥಾಪಕಿ ಅಲ್ಲಿಯೇ ಕ್ಷಮೆ ಕೇಳಿದರು. ಅದಕ್ಕಿಂತ ಮುಖ್ಯವಾದದ್ದು, ಮಾಲೀಕರ ಬಳಿ ಹೋಗಿ ಶಿಫ್ಟ್ ಇನ್‌ಚಾರ್ಜ್‌ಗೆ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸುವ ಅಧಿಕಾರವನ್ನು ಬರಹದಲ್ಲಿ ಕೇಳಿದ್ದು. ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಹೀಗಾದರೆ ಎಲ್ಲ ಯಂತ್ರಗಳೂ ನಿಂತೇ ಇರುತ್ತವೆ ಎಂಬುದು ಅವರ ಆತಂಕ. ಡಿಸ್ಪ್ಯಾಚ್ ಮುಖ್ಯಸ್ಥರ ವಿರೋಧ ಇನ್ನೂ ಬಿರುಸಾಗಿತ್ತು, ಅದರಲ್ಲಿ ನ್ಯಾಯವೂ ಇತ್ತು: ಸರಕು ತಡವಾದರೆ ಗ್ರಾಹಕರ ಬೈಗುಳ ತಿನ್ನುವವರು ಅವರೇ. ಕೊನೆಗೆ, ಯಾವ ಸಂದರ್ಭಗಳಲ್ಲಿ ನಿಲ್ಲಿಸಬಹುದು ಎಂಬುದನ್ನು ಮೊದಲೇ ಬರೆದಿಡುವುದು, ನಿಲ್ಲಿಸಿದಾಗ ಕಾರಣವನ್ನು ಲಾಗ್‌ಬುಕ್ಕಿನಲ್ಲಿ ನಮೂದಿಸುವುದು ಎಂಬ ಷರತ್ತಿನ ಮೇಲೆ ಒಪ್ಪಿಗೆಯಾಯಿತು.

ಆ ಸಂದರ್ಭಗಳ ಪಟ್ಟಿಯನ್ನು ಆಕೆ ಬರೆಯಲಿಲ್ಲ. ಬರೆಯಲು ಮೇಲ್ವಿಚಾರಕರಿಗೆ ಹೇಳಿದರು. ಮೊದಲ ಕರಡಿನಲ್ಲಿ ಸಣ್ಣಪುಟ್ಟದ್ದೆಲ್ಲ ತುಂಬಿತ್ತು. ಒಂದೊಂದನ್ನೂ ಮುಂದಿಟ್ಟುಕೊಂಡು, ಇದು ಆದಾಗ ಆಫ್‌ಸೆಟ್ ಸಾಕೇ, ನಿಲ್ಲಿಸಲೇಬೇಕೇ, ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ಆಕೆ ಕೇಳುತ್ತ ಹೋದರು. ಕಾರ್ಯಾಗಾರದಲ್ಲಿ ಕಲಿತ ಅದೇ ಪ್ರಶ್ನೆಗಳು ಈಗ ಫಲ ಕೊಟ್ಟವು, ಏಕೆಂದರೆ ಉತ್ತರಿಸುವವರಲ್ಲಿ ತಿಳಿವಳಿಕೆಯೂ ಇತ್ತು, ಹೇಳಿದ್ದನ್ನು ಮಾಡುವ ಹಕ್ಕೂ ಇತ್ತು. ಪಟ್ಟಿ ಮೂರು ಸಾಲಿಗೆ ಇಳಿಯಿತು. ಮಾಲೀಕರ ಸಹಿಯೊಂದಿಗೆ ಅದು ನೋಟಿಸ್ ಬೋರ್ಡಿಗೆ ಏರಿತು.

ಕೊಟ್ಟ ಮಾತಿನ ಪರೀಕ್ಷೆ

ತಿಂಗಳ ಕೊನೆ. ಬೆಳಿಗ್ಗೆ ಹೊರಡಬೇಕಾದ ಗಾಡಿ ಗೇಟಿನ ಬಳಿ ನಿಂತಿತ್ತು. ರಾತ್ರಿ ಸತತವಾಗಿ ಮೂರು ಪೀಸುಗಳ ಅಳತೆ ಹೇಗೆ ಹೇಗೋ ಬಂದದ್ದರಿಂದ ಮೇಲ್ವಿಚಾರಕರು ಪಟ್ಟಿಯ ಎರಡನೆಯ ಸಾಲಿನ ಪ್ರಕಾರ ಯಂತ್ರ ನಿಲ್ಲಿಸಿದರು. ಸರಕು ಕಡಿಮೆ ಬಿದ್ದು ಗಾಡಿ ಅರ್ಧ ತುಂಬಿಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಪೀಸುಗಳು ಸರಿಯಾಗಿಯೇ ಇದ್ದವು; ಬೋರ್ ಗೇಜಿನ ತುದಿಯ ಆನ್ವಿಲ್ ಸಡಿಲವಾಗಿ ಮುಳ್ಳು ತಪ್ಪು ತೋರಿಸಿತ್ತು.

ಡಿಸ್ಪ್ಯಾಚ್ ಮುಖ್ಯಸ್ಥರು ಕೆಂಡವಾದರು. ಈ ಬಾರಿ ವ್ಯವಸ್ಥಾಪಕಿ ಸುಮ್ಮನೆ ನಿಲ್ಲಲಿಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಕಂಡದ್ದರ ಆಧಾರದ ಮೇಲೆ ನಿಲ್ಲಿಸಿದ್ದು ಸರಿ, ತಾವೇ ಅಲ್ಲಿದ್ದಿದ್ದರೂ ನಿಲ್ಲಿಸುತ್ತಿದ್ದೆ ಎಂದು ಎಲ್ಲರೆದುರಿಗೆ ಹೇಳಿದರು. ಅನಂತರ ಮೇಲ್ವಿಚಾರಕರೊಡನೆ ಕುಳಿತು, ನಿಲ್ಲಿಸುವ ಮುನ್ನ ಏನು ನೋಡಿದ್ದರೆ ಗೇಜಿನ ದೋಷ ತಿಳಿಯುತ್ತಿತ್ತು ಎಂದು ಕೇಳಿದರು. ಸೆಟ್ಟಿಂಗ್ ರಿಂಗಿನಲ್ಲಿ ಒಮ್ಮೆ ಪರೀಕ್ಷಿಸಬೇಕಿತ್ತು ಎಂಬ ಉತ್ತರ ತಡವಿಲ್ಲದೆ ಬಂತು. ಆ ಸಾಲನ್ನು ಮೇಲ್ವಿಚಾರಕರೇ ಪಟ್ಟಿಗೆ ಸೇರಿಸಿದರು.

ನಿರ್ಧಾರದ ಗುಣವನ್ನು ಅದರ ಫಲಿತಾಂಶದಿಂದ ಬೇರ್ಪಡಿಸಿ ನೋಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ನಷ್ಟ ಕಣ್ಣೆದುರಿಗೇ ಇರುವಾಗ ಅದು ಇನ್ನೂ ಕಷ್ಟ. ಆ ಬೆಳಿಗ್ಗೆ ಆಕೆ ಒಂದು ಗದರಿಕೆಯ ಮಾತು ಆಡಿದ್ದರೂ ನೋಟಿಸ್ ಬೋರ್ಡಿನ ಕಾಗದಕ್ಕೆ ಬೆಲೆ ಉಳಿಯುತ್ತಿರಲಿಲ್ಲ, ರಾತ್ರಿಯ ಫೋನ್ ಮತ್ತೆ ಶುರುವಾಗುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ.

ಪರಿಣಾಮ

ರಾತ್ರಿಯ ಕರೆಗಳು ಈಗ ಅಪರೂಪ, ಬಂದರೂ ಬೇರೆ ಬಗೆಯವು: “ಇನ್ಸರ್ಟ್ ಬದಲಿಸಿ ಓಡಿಸ್ತಿದೀನಿ ಮೇಡಮ್, ಮೊದಲ ಐದು ಪೀಸ್ ತಣಿಸೋಕೆ ಇಟ್ಟಿದೀನಿ, ಬೆಳಿಗ್ಗೆ ಒಮ್ಮೆ ನೋಡಿ.” ಬೋರ್ ಚಿಕ್ಕದೆಂಬ ಕಾರಣಕ್ಕೆ ಲಾಟ್ ವಾಪಸ್ ಬರುವುದು ನಿಂತಿದೆ. ಇದರ ಶ್ರೇಯಸ್ಸನ್ನೆಲ್ಲ ಮಾರ್ಗದರ್ಶನಕ್ಕೇ ಕೊಡಲಾಗದು. ಅದೇ ಸಮಯದಲ್ಲಿ ಪೀಸುಗಳನ್ನು ತಣಿಸಲೆಂದು ಒಂದು ರ್‍ಯಾಕ್ ಮಾಡಿಸಿದ್ದೂ, ಗೇಜುಗಳ ತಪಾಸಣೆಯನ್ನು ಪಾಳಿಗೊಮ್ಮೆ ಕಡ್ಡಾಯ ಮಾಡಿದ್ದೂ ನೆರವಾಗಿವೆ. ಆದರೆ ರ್‍ಯಾಕ್ ಬೇಕೆಂದು ಕೇಳಿದವರು ಮೇಲ್ವಿಚಾರಕರೇ ಎಂಬುದನ್ನೂ ಹೇಳಬೇಕು.

ಸರಿಹೋಗದ ಸಂಗತಿಗಳೂ ಇವೆ. ಲಾಗ್‌ಬುಕ್ಕಿನಲ್ಲಿ ಅವರು ಬರೆಯುವುದು ಇಂದಿಗೂ ಎರಡು ಪದ. ವಿವರವನ್ನು ಬಾಯಲ್ಲೇ ಕೇಳಬೇಕು. ಗ್ರಾಹಕರ ಆಡಿಟ್ ನಡೆಯುವಾಗ ಅವರು ಹಿಂದೆ ಸರಿದು ನಿಲ್ಲುತ್ತಾರೆ. ಡಿಸ್ಪ್ಯಾಚ್ ವಿಭಾಗದೊಡನೆ ಸಂಬಂಧ ಇನ್ನೂ ಬಿಗುವಾಗಿಯೇ ಇದೆ. ಆ ವಿಭಾಗದವರ ಕಷ್ಟವನ್ನು ಮೊದಲೇ ಕೇಳಿ, ತಡವಾದರೆ ಗ್ರಾಹಕರಿಗೆ ಯಾರು ಹೇಳಬೇಕು ಎಂಬುದನ್ನೂ ಅದೇ ನೋಟಿಸಿನಲ್ಲಿ ಸೇರಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ವ್ಯವಸ್ಥಾಪಕಿ ವಾರಕ್ಕೊಮ್ಮೆ ಯಂತ್ರದ ಬಳಿ ಅರ್ಧ ಗಂಟೆ ಕಳೆಯಬೇಕೆಂದು ಇಟ್ಟುಕೊಂಡ ನಿಯಮ ತಿಂಗಳ ಕೊನೆಯ ಗಡಿಬಿಡಿಯಲ್ಲಿ ತಪ್ಪುತ್ತದೆ.

ಈ ಪ್ರಕರಣದಿಂದ ಬೇರೆ ವ್ಯವಸ್ಥಾಪಕರು ತೆಗೆದುಕೊಳ್ಳಬಹುದಾದ್ದು ಒಂದು ಕ್ರಮ. ಉದ್ಯೋಗಿಯೊಬ್ಬರು ನಿರೀಕ್ಷಿಸಿದ್ದನ್ನು ಮಾಡುತ್ತಿಲ್ಲವಾದರೆ, ಅವರಿಗೆ ಅದು ತಿಳಿದಿಲ್ಲವೋ, ತಿಳಿದಿದ್ದರೂ ಸಂದರ್ಭವನ್ನು ತೂಗಿ ನೋಡುವ ಅಭ್ಯಾಸವಿಲ್ಲವೋ, ಅಥವಾ ತಿಳಿದು ತೂಗಿ ನೋಡಿದ ಮೇಲೂ ಮಾಡುವ ಹಕ್ಕಿಲ್ಲವೋ ಎಂದು ಮೊದಲು ಕಂಡುಕೊಳ್ಳಬೇಕು. ತಿಳಿಯದಿದ್ದರೆ ಕಲಿಸಬೇಕು, ತೂಗಿ ನೋಡುವ ಅಭ್ಯಾಸವಿಲ್ಲದಿದ್ದರೆ ಪ್ರಶ್ನೆ ಕೇಳಬೇಕು, ಹಕ್ಕಿಲ್ಲದಿದ್ದರೆ ವ್ಯವಸ್ಥಾಪಕರು ತಮ್ಮ ಮೇಲಿನವರ ಬಳಿ ಹೋಗಿ ಅದನ್ನು ತರಬೇಕು. ಮೂರರ ಲಕ್ಷಣವೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತದೆ: ಸುಮ್ಮನೆ ನಿಂತ ಮನುಷ್ಯ, ಅಥವಾ ಮತ್ತೆ ಮತ್ತೆ ಬರುವ ಫೋನ್. ಕ್ಯಾಬಿನ್ನಿನಲ್ಲಿ ಕುಳಿತು ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಮೊದಲನೆಯದು ಯಂತ್ರದ ಪಕ್ಕದಲ್ಲಿ ನಿಂತು ನೋಡಿದಾಗ ತಿಳಿಯಿತು, ಮೂರನೆಯದು ಯಾರೂ ಇಲ್ಲದ ಕ್ಯಾಂಟೀನಿನಲ್ಲಿ ತಿಳಿಯಿತು. ಮೊದಲನೆಯದರಲ್ಲಿ ಹುಟ್ಟಿದ ನಂಬಿಕೆ ಇಲ್ಲದಿದ್ದರೆ ಮೂರನೆಯದು ಹೊರಬರುತ್ತಿರಲಿಲ್ಲ.

ಈಗ ಎರಡನೆಯ ಪಾಳಿಗೆ ಹೊಸಬರೊಬ್ಬರು ಶಿಫ್ಟ್ ಇನ್‌ಚಾರ್ಜ್ ಆಗಿ ಬಂದಿದ್ದಾರೆ. ಡಿಪ್ಲೊಮಾ ಓದಿದವರು, ಲೆಕ್ಕದಲ್ಲಿ ಚುರುಕು, ಕೇಳುವ ಮೊದಲೇ ಯಂತ್ರ ನಿಲ್ಲಿಸುವವರು. ಅವರಿಗೆ ಕೊರತೆಯಿರುವುದು ತೂಗಿ ನೋಡುವ ಅಭ್ಯಾಸದಲ್ಲಿ ಎಂದು ವ್ಯವಸ್ಥಾಪಕಿಗೆ ಅನ್ನಿಸಿದೆ. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಒಂದು ವಾರ ಆ ಪಾಳಿಯಲ್ಲಿ ನಿಂತು ನೋಡುತ್ತೇನೆ ಎಂದು ಮಾಲೀಕರಿಗೆ ತಿಳಿಸಿದ್ದಾರೆ. ಹೊಸಬರನ್ನು ಯಂತ್ರಕ್ಕೆ ಪರಿಚಯಿಸುವ ಕೆಲಸವನ್ನು ರಾತ್ರಿ ಪಾಳಿಯ ಮೇಲ್ವಿಚಾರಕರಿಗೆ ವಹಿಸಿದ್ದಾರೆ.